‘ಅಮ್ಮನಿಗ್ಯಾಕೋ ಸಿಟ್ಟು ಜಾಸ್ತಿ’ ಅನ್ನುವ ಮುನ್ನ...

ಸಣ್ಣ ಮಾತಿಗೂ ಮಗುವಿನ ಮೇಲೆ ರೇಗಾಡ್ತೀರಾ? ಆಮೇಲೆ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅಳ್ತೀರಾ? ‘ಗಂಡ, ಮಕ್ಕಳು, ಮನೆ ಎಲ್ಲಾ ಇದೆ, ನಂಗೇನು ಕಡಿಮೆ?’ ಅಂತ ನಿಮ್ಮನ್ನೇ ಬೈದುಕೊಳ್ತೀರಾ?

ಸ್ವಲ್ಪ ತಡೆಯಿರಿ. ದೋಷ ನಿಮ್ಮ ಸ್ವಭಾವದಲ್ಲಿಯೇ ಇರಬೇಕೆಂದೇನಿಲ್ಲ. ಮನೆಯ, ಬೀದಿಯ ಪರಿಸ್ಥಿತಿಯೂ ತಾಯಿಯ ಮನಸ್ಸನ್ನು ಕುಗ್ಗಿಸುತ್ತದೆ.

ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಹೆಂಗಸರನ್ನು ಮಾತನಾಡಿಸಿದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲೇ ಇದನ್ನು ಬರೆದರು. ಮನೆ ತುಂಬ ಚಿಕ್ಕ ಮಕ್ಕಳು, ಹೊರಗೆ ಉದ್ಯೋಗವಿಲ್ಲ, ಮನಸ್ಸು ಬಿಚ್ಚಿ ಮಾತಾಡಲು ಆಪ್ತರಿಲ್ಲ – ಇಂಥ ಸ್ಥಿತಿಯಲ್ಲಿ ದೊಡ್ಡ ಕಷ್ಟವೊಂದು ಎದುರಾದರೆ ಖಿನ್ನತೆಗೆ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಅವರ ಅಭಿಪ್ರಾಯ.

ನಮ್ಮ ನೆರೆಯ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 23 ಬಾಣಂತಿಯರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ-ಬಡಿತ, ಗಂಡುಮಗು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಅದರೊಂದಿಗೆ ತಳಕು ಹಾಕಿಕೊಂಡಿದ್ದವು.

ನಿಮ್ಮ ದಿನಚರಿಯನ್ನೇ ನೋಡಿ. ನೀರಿನ ಟ್ಯಾಂಕರ್‌ಗೆ ಕಾಯೋರು ಯಾರು? ಮಕ್ಕಳಿಗೆ ಆಡಲು ಜಾಗವಿಲ್ಲದಿದ್ದರೆ ದಿನವಿಡೀ ಅವರ ಗಲಾಟೆ ಸಹಿಸೋರು ಯಾರು? ಬಾಡಿಗೆ ಮನೆ ಬದಲಿಸಿದಾಗ ಗಂಡನಿಗೆ ಆಫೀಸ್ ಅದೇ ಇರುತ್ತದೆ. ಆದರೆ ಸಂಜೆ ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದ ಪಕ್ಕದ ಮನೆಯಾಕೆಯನ್ನು ಕಳೆದುಕೊಳ್ಳುವವರು ನೀವು.

ಹೀಗೆ ಮಾಡಿ ನೋಡಿ

* ಒಬ್ಬರನ್ನಾದರೂ ಹತ್ತಿರ ಮಾಡಿಕೊಳ್ಳಿ. ಅಕ್ಕನೋ, ಎದುರುಮನೆ ಆಂಟಿಯೋ, ಯಾರಾದರೂ ಸರಿ. ‘ಚೆನ್ನಾಗಿದೀನಿ’ ಎನ್ನುವ ಬದಲು ಇದ್ದದ್ದನ್ನು ಇದ್ದ ಹಾಗೆ ಹೇಳಿ.

* ‘ಸ್ವಲ್ಪ ಸಹಾಯ ಮಾಡ್ರೀ’ ಅಂದರೆ ಗಂಡನಿಗೆ ಏನೂ ತಿಳಿಯದು. ‘ರಾತ್ರಿ ಮಗುವನ್ನು ಮಲಗಿಸೋ ಕೆಲಸ ನಿಮ್ಮದು’ ಎಂದು ಸ್ಪಷ್ಟವಾಗಿ ಹೇಳಿ.

* ನೆರೆಯ ತಾಯಂದಿರೊಂದಿಗೆ ಸರದಿ ಮಾಡಿಕೊಳ್ಳಿ. ಇವತ್ತು ಅವರ ಮಕ್ಕಳು ನಿಮ್ಮ ಮನೆಯಲ್ಲಿ, ನಾಳೆ ನಿಮ್ಮ ಮಕ್ಕಳು ಅವರ ಮನೆಯಲ್ಲಿ.

* ಹೊಡೆತ-ಬಡಿತವನ್ನು ಸಹಿಸಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಬೇಸರ, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಸುಳಿದರಂತೂ ಒಂದು ದಿನವೂ ಕಾಯಬೇಡಿ. ಕೂಡಲೇ ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. 2022ರಲ್ಲಿ ಆರಂಭವಾದ ‘ಟೆಲಿ ಮನಸ್’ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಸಂಕೋಚವೇ? ಈ ಪುಟವನ್ನು ಮಡಿಸಿ ಯಜಮಾನರ ಕಾಫಿ ಲೋಟದ ಪಕ್ಕ ಇಡಿ. ಅವರೂ ಓದಲಿ.