ತನ್ನನ್ನು ತಾನೇ ಬಣ್ಣಿಸುವ ಪರೀಕ್ಷೆ

ಅನ್ಯರ ಗುಣದೋಷಗಳನ್ನು ವಿವರಿಸುವುದು ಲೋಕದಲ್ಲಿ ಯಾರಿಗೂ ಕಷ್ಟವಲ್ಲ. ಜಗಲಿಯ ಮೇಲೆ ಕುಳಿತವರೆಲ್ಲರೂ ಆ ವಿದ್ಯೆಯಲ್ಲಿ ಪಂಡಿತರೇ. ಆದರೆ ‘ನೀನು ಎಂಥವನು? ಬರೆದುಕೊಡು’ ಎಂದು ಒಂದು ಹಾಳೆ ಕಾಗದವನ್ನು ಮುಂದಿಟ್ಟರೆ ವಿದ್ಯಾವಂತನೂ ತಡವರಿಸುತ್ತಾನೆ. ಭಾರತದ ಸೈನ್ಯದಲ್ಲಿ ಅಧಿಕಾರಿಯಾಗಬಯಸಿ ಆಯ್ಕೆಯ ಮಂಡಲಿಯ ಮುಂದೆ ಹೋಗುವ ತರುಣ ತರುಣಿಯರು ಈ ಪ್ರಶ್ನೆಗೆ ಉತ್ತರ ಬರೆಯಬೇಕಾಗುತ್ತದೆ. ಅದಕ್ಕೆ ದೊರೆಯುವ ಕಾಲವು 15 ನಿಮಿಷ. ಈ ಬರಹವು ಹೇಗಿರಬೇಕು, ಅದಕ್ಕಾಗಿ ಮನೆಯವರು ಮಾಡಬೇಕಾದುದೇನು ಎಂಬುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹೊನ್ನಾಳಿ, ನ್ಯಾಮತಿಗಳ ಸೀಮೆಯಲ್ಲಿರುವ ನಮ್ಮ ಗೋವಿನಕೋವಿಯಂಥ ಊರುಗಳಲ್ಲಿ ಸೈನ್ಯವೆಂದರೆ ಸಿಪಾಯಿಯ ಕೆಲಸವೆಂದೇ ಬಹುಜನರ ತಿಳಿವಳಿಕೆ. ಅಧಿಕಾರಿಯ ಪದವಿಯು ದೊಡ್ಡ ಮನೆತನದವರಿಗೂ ಪಟ್ಟಣವಾಸಿಗಳಿಗೂ ಮೀಸಲೆಂದು ಭಾವಿಸಿದವರು ಈಗಲೂ ಉಂಟು. ಒಂದು ಕಾಲಕ್ಕೆ ಈ ಭಾವನೆಗೆ ಆಧಾರವಿತ್ತು. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1919ರಲ್ಲಿ ಇಂದೋರಿನ ಕೆಡೆಟ್ ಕಾಲೇಜಿನಿಂದ ಹೊರಬಂದು ಅಧಿಕಾರಿಯಾದ ದಿನಗಳಲ್ಲಿ ಭಾರತೀಯರಿಗೆ ಆ ಬಾಗಿಲು ತೆರೆದದ್ದೇ ಹೊಸತು. ಮನೆತನದ ಪ್ರತಿಷ್ಠೆಯೂ ಆಂಗ್ಲ ಅಧಿಕಾರಿಗಳ ಶಿಫಾರಸೂ ಬಹುಮಟ್ಟಿಗೆ ಆಯ್ಕೆಯನ್ನು ನಿರ್ಣಯಿಸುತ್ತಿದ್ದುವು. ಅದೇ ಕಾರ್ಯಪ್ಪನವರು 1949ರ ಜನವರಿ 15ರಂದು ಸ್ವತಂತ್ರ ಭಾರತದ ಭೂಸೈನ್ಯಕ್ಕೆ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಇಂದು ರೈತನ ಮಗನಿಗೂ ಮಗಳಿಗೂ ದಾರಿಯು ತೆರೆದಿದೆ. ದಾರಿಯ ಪರಿಚಯವಿರುವ ಮನೆಗಳು ಮಾತ್ರ ಕಡಮೆ.

ಆ ದಾರಿ ಹೀಗಿದೆ. ಪಿ. ಯು. ಸಿ. ಮುಗಿಸಿದವರು, ಅಥವಾ ಆ ಪರೀಕ್ಷೆಗೆ ಕುಳಿತಿರುವವರು, ಪುಣೆಯ ಬಳಿ ಖಡಕ್‌ವಾಸ್ಲದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗಾಗಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನು ಬರೆಯಬಹುದು. ವರ್ಷಕ್ಕೆ ಎರಡು ಬಾರಿ ಈ ಪರೀಕ್ಷೆ ನಡೆಯುತ್ತದೆ. ಪದವೀಧರರಿಗೆ ‘ಸಿ. ಡಿ. ಎಸ್.’ ಎಂಬ ಪರೀಕ್ಷೆ ಬೇರೆ ಇದೆ. ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ‘ಸರ್ವಿಸಸ್ ಸೆಲೆಕ್ಷನ್ ಬೋರ್ಡ್’, ಅಂದರೆ ಎಸ್. ಎಸ್. ಬಿ., ಎಂಬ ಆಯ್ಕೆಯ ಮಂಡಲಿಯ ಮುಂದೆ ಕರೆಯುತ್ತಾರೆ. ಭೂಸೈನ್ಯದ ಇಂಥ ಕೇಂದ್ರವೊಂದು ಬೆಂಗಳೂರಿನಲ್ಲಿದೆ, ವಾಯುಸೈನ್ಯದ್ದು ಮೈಸೂರಿನಲ್ಲಿದೆ. ಅಕಾಡೆಮಿಯ ಪರೀಕ್ಷೆಯಲ್ಲಿ ಗಣಿತಕ್ಕೂ ಸಾಮಾನ್ಯ ಜ್ಞಾನಕ್ಕೂ ಸೇರಿ 900 ಅಂಕಗಳು. ಈ ಮಂಡಲಿಯ ಪರೀಕ್ಷೆಗೂ 900 ಅಂಕಗಳು. ಪುಸ್ತಕದ ವಿದ್ಯೆಗೆ ಎಷ್ಟು ತೂಕವೋ ಮನುಷ್ಯನ ಸ್ವಭಾವಕ್ಕೂ ಅಷ್ಟೇ ತೂಕವೆಂದಾಯಿತು.

ಸಾಮಾನ್ಯವಾಗಿ ಐದು ದಿನಗಳ ಕಾಲ ಉಮೇದುವಾರರು ಅಲ್ಲಿಯೇ ಇರುತ್ತಾರೆ. ಮೊದಲ ದಿನದ ಪರೀಕ್ಷೆಯಲ್ಲಿ ನಿಲ್ಲದವರು ಅಂದೇ ಹಿಂದಿರುಗುತ್ತಾರೆ. ಉಳಿದವರನ್ನು ಮೂರು ಬಗೆಯಾಗಿ ನೋಡುತ್ತಾರೆ. ಒಬ್ಬರು ಸಂದರ್ಶನದಲ್ಲಿ ಮಾತನಾಡಿಸುತ್ತಾರೆ. ಒಬ್ಬರು ಬಯಲಿನಲ್ಲಿ ಗುಂಪಿನ ಕೆಲಸಗಳನ್ನು ಮಾಡಿಸುತ್ತಾರೆ. ಮನಶ್ಶಾಸ್ತ್ರಜ್ಞರು ಉಮೇದುವಾರನ ಬರಹವನ್ನು ಓದಿ ಮನಸ್ಸನ್ನು ಅಳೆಯುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂದು ನಮ್ಮ ಹಿರಿಯರು ಯಾವುದನ್ನು ಹೇಳುತ್ತಿದ್ದರೋ ಅದೇ ಈ ಪರೀಕ್ಷೆಯ ತಳಹದಿ. ಮೂವರೂ ಕಂಡದ್ದು ಒಂದೇ ವ್ಯಕ್ತಿಯಾಗಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಈ ಪದ್ಧತಿಯನ್ನು ಭಾರತದಲ್ಲಿ 1943ರಲ್ಲಿ ಡೆಹರಾಡೂನಿನಲ್ಲಿ ಪ್ರಯೋಗಿಸಿ ನೋಡಿದರು. ಮಾತಿನಿಂದ ಮನುಷ್ಯನನ್ನು ಅಳೆಯುವುದು ಮಾತ್ರ ಅದಕ್ಕಿಂತ ಬಹು ಹಳೆಯದು. ಋಷ್ಯಮೂಕದ ಬಳಿ ಭಿಕ್ಷುವೇಷದಿಂದ ಬಂದ ಹನುಮಂತನ ನಾಲ್ಕು ಮಾತನ್ನು ಕೇಳಿಯೇ ಶ್ರೀರಾಮನು ಅವನ ವಿದ್ಯೆಯನ್ನೂ ಸಂಯಮವನ್ನೂ ಲಕ್ಷ್ಮಣನಿಗೆ ವಿವರಿಸಿದನಷ್ಟೆ.

ಉಮೇದುವಾರನು ತನ್ನ ವಿಷಯವಾಗಿ ಬರೆಯಬೇಕಾದುವು ಎರಡು. ಮೊದಲನೆಯದು ಅಲ್ಲಿಗೆ ಹೋದೊಡನೆ ತುಂಬಿಕೊಡುವ ವಿವರಪತ್ರ. ಹೆಚ್ಚು ಕಾಲ ವಾಸವಾಗಿದ್ದ ಊರು, ಆ ಊರಿನ ಜನಸಂಖ್ಯೆ, ತಂದೆತಾಯಿಗಳ ವಿದ್ಯೆ, ವೃತ್ತಿ, ವರಮಾನ, ಒಡಹುಟ್ಟಿದವರು, ಪಡೆದ ಅಂಕಗಳು, ಆಟಪಾಠಗಳು, ವಹಿಸಿದ ಹೊಣೆಗಳು, ಹಿಂದೆ ಎಷ್ಟು ಬಾರಿ ಈ ಮಂಡಲಿಗೆ ಬಂದಿದ್ದುದು, ಇವೆಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ಸಂದರ್ಶನ ಮಾಡುವ ಅಧಿಕಾರಿಯು ಇದನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಹಾಕುತ್ತಾರೆ. ಎರಡನೆಯದು ಮನಶ್ಶಾಸ್ತ್ರದ ಪರೀಕ್ಷೆಗಳ ಕೊನೆಗೆ ಬರುವ ಆತ್ಮವರ್ಣನೆ. ಚಿತ್ರಗಳನ್ನು ನೋಡಿ ಕಥೆ ಬರೆಯುವುದು, 60 ಶಬ್ದಗಳಿಗೆ ಒಂದೊಂದಕ್ಕೆ 15 ಸೆಕೆಂಡಿನಲ್ಲಿ ಮನಸ್ಸಿಗೆ ತೋಚಿದ ವಾಕ್ಯವನ್ನು ಬರೆಯುವುದು, 60 ಸಂದರ್ಭಗಳಿಗೆ ಅರ್ಧ ಗಂಟೆಯಲ್ಲಿ ಪರಿಹಾರ ಹೇಳುವುದು, ಇಷ್ಟೂ ಆಗಿ ಕೈಯೂ ಮನಸ್ಸೂ ದಣಿದಿರುವಾಗ ಈ ಹಾಳೆ ಬರುತ್ತದೆ. ನಿನ್ನ ತಂದೆತಾಯಿಗಳ ಅಭಿಪ್ರಾಯದಲ್ಲಿ ನೀನು ಎಂಥವನು? ಉಪಾಧ್ಯಾಯರ ಅಭಿಪ್ರಾಯವೇನು? ಸ್ನೇಹಿತರ ಅಭಿಪ್ರಾಯವೇನು? ನಿನಗೆ ನೀನೇ ಎಂಥವನಾಗಿ ತೋರುತ್ತೀಯೆ? ಮುಂದೆ ಎಂಥವನಾಗಬೇಕೆಂದಿರುವೆ? ಈ ಐದಕ್ಕೆ ಉತ್ತರ ಬರೆಯಬೇಕು.

ಇಲ್ಲಿ ನಮ್ಮ ಸಂಪ್ರದಾಯದಲ್ಲಿ ಬೆಳೆದವರಿಗೆ ಒಂದು ಸಂಕೋಚ ಉಂಟಾಗುವುದು ಸಹಜ. ಆತ್ಮಪ್ರಶಂಸೆಯು ದೋಷವೆಂದು ನಮಗೆ ಕಲಿಸಿದ್ದಾರೆ. ಮಹಾಭಾರತದ ಕರ್ಣಪರ್ವದಲ್ಲಿ ಈ ವಿಷಯವು ಮನೋಹರವಾಗಿ ಬಂದಿದೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ; ಕರ್ಣನಿಂದ ನೊಂದ ಧರ್ಮರಾಜನೇ ಹಾಗೆಂದುಬಿಟ್ಟನು. ಹಿರಿಯನನ್ನು ಏಕವಚನದಿಂದ ನಿಂದಿಸಿದರೆ ಕೊಂದಂತೆಯೇ ಸರಿ ಎಂದು ಶ್ರೀಕೃಷ್ಣನು ಉಪಾಯ ಹೇಳಿದನು. ನಿಂದಿಸಿದ ಪಶ್ಚಾತ್ತಾಪದಿಂದ ಅರ್ಜುನನು ತನ್ನನ್ನೇ ಕೊಂದುಕೊಳ್ಳಹೊರಟಾಗ, ನಿನ್ನ ಗುಣಗಳನ್ನು ನೀನೇ ಹೊಗಳಿಕೋ, ಅದೇ ಆತ್ಮವಧೆ ಎಂದು ತಡೆದನು. ಇಂಥ ಕಥೆಯನ್ನು ಕೇಳಿ ಬೆಳೆದ ಹುಡುಗನು ‘ನಾನು ಧೀರ, ನಾನು ಪ್ರಾಮಾಣಿಕ’ ಎಂದು ಹೇಗೆ ಬರೆದಾನು?

ಹಾಗೆ ಬರೆಯಬೇಕಾದ ಅಗತ್ಯವೇ ಇಲ್ಲವೆಂಬುದು ನಮ್ಮ ಉತ್ತರ. ವಿಶೇಷಣಗಳು ಪ್ರಶಂಸೆ, ಮಾಡಿದ ಕೆಲಸವನ್ನು ಇದ್ದದ್ದಿದ್ದಂತೆ ಹೇಳುವುದು ವರದಿ. ಮಂಡಲಿಯವರಿಗೆ ಬೇಕಾದುದು ವರದಿ. ಧೀರನೆಂಬ ಪದವನ್ನು ಯಾರೂ ಬರೆಯಬಹುದು. ತಾನು ಮಾಡಿದ ಕೆಲಸವನ್ನು ಮಾಡಿದವನು ಮಾತ್ರ ಬರೆಯಬಲ್ಲನು.

ಇದಕ್ಕೆ ನಾವು ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಕೊಡುತ್ತೇವೆ. ನಮ್ಮ ಸೀಮೆಯ ಅಡಕೆ ಬೆಳೆಗಾರರೊಬ್ಬರ ಮಗನು ಅಕಾಡೆಮಿಯ ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬೆಂಗಳೂರಿನ ಕರೆ ಬಂದಾಗ, ತಾನು ಅಭ್ಯಾಸಕ್ಕೆಂದು ಬರೆದ ಆತ್ಮವರ್ಣನೆಯನ್ನು ನಮ್ಮಲ್ಲಿಗೆ ತಂದನು. ಇಂಗ್ಲಿಷು ನಿರ್ದೋಷವಾಗಿತ್ತು. ನಾಯಕತ್ವ, ಶಿಸ್ತು, ಆತ್ಮವಿಶ್ವಾಸ ಮೊದಲಾದ ಹನ್ನೆರಡು ಗುಣಗಳು ಸಾಲಾಗಿ ನಿಂತಿದ್ದುವು. ಎಲ್ಲಿಂದಲೋ ದುಡ್ಡುಕೊಟ್ಟು ತಂದ ಮಾದರಿಯದು. ಹುಡುಗನ ಹೆಸರನ್ನು ಅಳಿಸಿ ಬೇರೆ ಯಾರ ಹೆಸರನ್ನು ಬರೆದರೂ ಒಪ್ಪುತ್ತಿತ್ತು.

ನಾವು ಕಾಗದವನ್ನು ಮಡಿಸಿಟ್ಟು ಅವನ ದಿನಚರಿಯನ್ನು ಕೇಳಿದೆವು. ಎರಡು ಸುಗ್ಗಿಗಳಲ್ಲಿ ಅಡಕೆ ಸುಲಿಯುವವರ ಲೆಕ್ಕವನ್ನು ಅವನೇ ಬರೆಯುತ್ತಿದ್ದನಂತೆ. ಒಂದು ವಾರ ಲೆಕ್ಕ ತಾಳೆಯಾಗಲಿಲ್ಲ. ಪುಸ್ತಕವನ್ನು ಹಿಡಿದು ಒಬ್ಬೊಬ್ಬರ ಮನೆಗೂ ಹೋಗಿ ಕೇಳಿದಾಗ, ವೃದ್ಧೆಯೊಬ್ಬಳ ಕೂಲಿಯನ್ನು ತಾನೇ ಕಡಮೆ ಬರೆದಿದ್ದುದು ತಿಳಿಯಿತು. ಅಂದೇ ಬಾಕಿಯನ್ನು ಕೊಟ್ಟು ಬಂದನು. ‘ಇದನ್ನೇಕೆ ಬರೆಯಲಿಲ್ಲ?’ ಎಂದರೆ, ‘ಇದು ಬರೆಯೋವಂಥದ್ದಾ ಸಾರ್?’ ಎಂದು ನಕ್ಕನು.

‘ನಿಮ್ಮ ತಂದೆ ನಿನ್ನ ವಿಷಯದಲ್ಲಿ ಏನೆಂದುಕೊಂಡಿದ್ದಾರೆ?’ ಎಂದು ಮುಂದಿನ ಪ್ರಶ್ನೆ ಹಾಕಿದೆವು. ಹುಡುಗನು ಸುಮ್ಮನಾದನು. ಬಹಳ ಹೊತ್ತಿನ ಮೇಲೆ, ‘ಅವರು ಯಾವತ್ತೂ ಹೇಳಿಲ್ಲ ಸಾರ್’ ಎಂದನು.

ಮರುದಿನ ಅವನ ತಂದೆಯೊಡನೆ ನಮ್ಮಲ್ಲಿಗೆ ಬರುವಂತೆ ಹೇಳಿ, ಅದೇ ಪ್ರಶ್ನೆಯನ್ನು ಅವರಿಗೆ ಹಾಕಿದೆವು. ಅವರು ಮಗನ ಕಡೆ ನೋಡದೆ, ನಮ್ಮ ಕಡೆಗೇ ತಿರುಗಿ ಹೇಳಿದರು: ‘ಹುಡುಗ ಒಳ್ಳೇನೇ ಮೇಷ್ಟ್ರೇ. ದುಡ್ಡಿನ ವಿಷಯದಾಗೆ ಕಣ್ಣು ಮುಚ್ಚಿ ನಂಬಬಹುದು. ಆದ್ರೆ ಹೇಳಿದ್ದು ಮಾಡ್ತಾನೆ, ಹೇಳದೆ ಇದ್ದದ್ದು ಮಾಡಲ್ಲ. ತಾನಾಗಿ ಒಂದು ಕೆಲಸಕ್ಕೆ ಕೈ ಹಾಕಲ್ಲ.’ ಹುಡುಗನ ಮುಖ ಕೆಂಪಾಯಿತು. ತನ್ನನ್ನು ತಂದೆಯು ನಂಬುತ್ತಾರೆಂಬುದೂ, ಯಾವುದರಲ್ಲಿ ಕೊರತೆ ಕಂಡಿದ್ದಾರೆಂಬುದೂ ಅವನಿಗೆ ಒಟ್ಟಿಗೇ ತಿಳಿದುವು. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಇಬ್ಬರ ನಡುವೆ ಆ ಮಾತು ಅಂದಿಗೆ ಬಂದಿತು.

ಅವನು ತನ್ನ ಆತ್ಮವರ್ಣನೆಯನ್ನು ಹೊಸದಾಗಿ ಬರೆದನು. ಹಣದ ವಿಷಯದಲ್ಲಿ ತಂದೆಯು ನಂಬುವರೆಂದೂ, ಹೇಳಿಸಿಕೊಳ್ಳದೆ ಕೆಲಸಕ್ಕೆ ತೊಡಗುವ ಅಭ್ಯಾಸ ಇನ್ನೂ ಸಾಲದೆಂಬುದು ಅವರ ಅಭಿಪ್ರಾಯವೆಂದೂ ಬರೆದನು. ಕೂಲಿಯ ಲೆಕ್ಕದ ಪ್ರಸಂಗವು ಎರಡು ವಾಕ್ಯಗಳಲ್ಲಿ ಬಂದಿತು. ಆ ಸಲ ಐದು ದಿನಗಳೂ ನಿಂತನು, ಆದರೆ ಆಯ್ಕೆಯಾಗಲಿಲ್ಲ. ಕಾರಣವನ್ನು ಮಂಡಲಿಯವರು ಉಮೇದುವಾರರಿಗೆ ತಿಳಿಸುವ ವಾಡಿಕೆಯಿಲ್ಲ. ಈಗ ಪದವಿಯ ತರಗತಿಯಲ್ಲಿದ್ದಾನೆ, ತೋಟದ ಹನಿ ನೀರಾವರಿಯ ಕೆಲಸವನ್ನು ಯಾರೂ ಹೇಳದೆಯೇ ತಾನು ವಹಿಸಿಕೊಂಡಿದ್ದಾನೆ, ಸಿ. ಡಿ. ಎಸ್. ಪರೀಕ್ಷೆಗೆ ಓದುತ್ತಿದ್ದಾನೆ. ಮುಂದಿನ ಸಲ ಅವನು ಬರೆಯುವ ಹಾಳೆಯು ಹಳೆಯದರ ನಕಲಾಗಿರುವಂತಿಲ್ಲ, ಏಕೆಂದರೆ ಬರೆಯುವವನೇ ಬದಲಾಗಿದ್ದಾನೆ.

ಬರೆಯುವವರಿಗೆ ಉಪಯುಕ್ತವಾದ ಕೆಲವು ಮಾತುಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಉತ್ತರಗಳನ್ನು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಬರೆಯಬೇಕು; ಕನ್ನಡದಲ್ಲಿ ಓದಿದ ಮಕ್ಕಳಿಗೆ ಇದು ಕಷ್ಟವೇ ಸರಿ. ಅಂಥವರು ಮನೆಯಲ್ಲಿ ಮೊದಲು ಕನ್ನಡದಲ್ಲಿಯೇ ಬರೆದು, ವಿಷಯವು ಸ್ಥಿರವಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವುದನ್ನು ಅಭ್ಯಾಸ ಮಾಡಲಿ. ಅಲಂಕಾರದ ಶಬ್ದಗಳನ್ನು ಹುಡುಕುತ್ತ ಕುಳಿತರೆ ಐದು ಪ್ರಶ್ನೆಗಳಿಗೆ 15 ನಿಮಿಷ ಸಾಲದು. ತಂದೆಯ ವೃತ್ತಿಯ ಎದುರಿಗೆ ಬೇಸಾಯವೆಂದೇ ಬರೆಯಲಿ. ಊರು ಚಿಕ್ಕದೆಂದು ನಾಚಿ ಹತ್ತಿರದ ಪಟ್ಟಣದ ಹೆಸರನ್ನು ಹಾಕುವುದು ಬೇಡ. ಚಿಕ್ಕ ಊರಿನವನೆಂದು ಯಾರೂ ಅಂಕ ಕಳೆಯುವುದಿಲ್ಲ. ಬರೆದದ್ದೊಂದು, ಕೇಳಿದಾಗ ಹೇಳಿದ್ದೊಂದು ಆದರೆ ಮಾತ್ರ ಉಳಿಗಾಲವಿಲ್ಲ. ಹಿಂದೆ ಬಂದು ಆಯ್ಕೆಯಾಗದಿದ್ದುದನ್ನು ಬಚ್ಚಿಡಬಾರದು. ಕೊರತೆಯನ್ನು ಬರೆಯುವಾಗ ‘ನಾನು ಅತಿಯಾಗಿ ದುಡಿಯುತ್ತೇನೆ’ ಎಂಬಂಥ ವೇಷದ ಕೊರತೆ ಬೇಡ. ನಿಜವಾದ ಒಂದನ್ನು ಹೇಳಿ, ಅದನ್ನು ತಿದ್ದಿಕೊಳ್ಳಲು ಮಾಡುತ್ತಿರುವುದನ್ನೂ ಹೇಳಬೇಕು. ಮಾಡದಿರುವುದನ್ನು ಮಾಡುತ್ತಿರುವೆನೆಂದರೆ ಬಯಲಿನ ಕೆಲಸದಲ್ಲಿ ಅದು ಬಯಲಾಗುತ್ತದೆ.

ಈಗ ಗೃಹಸ್ಥರಿಗೆ ಒಂದು ವಿಜ್ಞಾಪನೆ. ಐದು ಪ್ರಶ್ನೆಗಳಲ್ಲಿ ಮೊದಲನೆಯದು ತಮ್ಮನ್ನು ಕುರಿತದ್ದು. ಮಗನು ಬೆಂಗಳೂರಿನಲ್ಲಿ ಬರೆಯುವ ಆ ಉತ್ತರದ ಮೂಲವಿರುವುದು ತಮ್ಮ ನಡುಮನೆಯಲ್ಲಿ. ಮಕ್ಕಳನ್ನು ಎದುರಿಗೆ ಹೊಗಳಬಾರದೆಂಬ ನೀತಿಯನ್ನು ನಾವು ಬಲ್ಲೆವು. ದೃಷ್ಟಿ ತಾಗೀತೆಂಬ ತಾಯಂದಿರ ಭಯವನ್ನೂ ಬಲ್ಲೆವು. ಆದರೆ ಹೊಗಳುವುದು ಬೇರೆ, ಕಂಡದ್ದನ್ನು ಹೇಳುವುದು ಬೇರೆ. ‘ನಿನ್ನಂಥ ಮಗ ಊರಲ್ಲೇ ಇಲ್ಲ’ ಎನ್ನುವುದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಅಜ್ಜಿಗೆ ಜ್ವರ ಬಂದಾಗ ಎರಡು ರಾತ್ರಿ ಎದ್ದು ಕುಳಿತಿದ್ದೆ, ಆದರೆ ಕೋಪ ಬಂದಾಗ ತಂಗಿಯ ಮೇಲೆ ಕೂಗಾಡುತ್ತೀಯೆ’ ಎಂದರೆ ಅವನಿಗೆ ತನ್ನ ಮುಖವನ್ನು ಕನ್ನಡಿಯಲ್ಲಿ ಕಂಡಂತಾಗುತ್ತದೆ. ಮಾರ್ಕಿನ ಪಟ್ಟಿ ಬಂದ ದಿನ ಮಾತ್ರ ಮಕ್ಕಳ ವಿಷಯ ಮಾತನಾಡುವ ಮನೆಗಳಲ್ಲಿ ಈ ಕನ್ನಡಿಯೇ ಇರುವುದಿಲ್ಲ. ಹಾಗೆಯೇ ಮನೆಯ ಒಂದು ನಿಜವಾದ ಹೊಣೆಯನ್ನು ಮಕ್ಕಳ ಕೈಗೆ ಕೊಡಬೇಕು. ಕೊಟ್ಟಿದ್ದರೆ ತಾನೆ ಅವರಿಗೆ ಬರೆಯಲು ಏನಾದರೂ ಇರುವುದು?

ಹೆಣ್ಣುಮಕ್ಕಳನ್ನೂ ಸೇರಿಸಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅಕಾಡೆಮಿಯ ಪರೀಕ್ಷೆಯು ಅವರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ತರುಣಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು. ಮಗಳ ಗುಣವನ್ನು ‘ಮನೆಗೆಲಸ ಚೆನ್ನಾಗಿ ಮಾಡುತ್ತಾಳೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುವ ತಂದೆತಾಯಿಗಳು ಇನ್ನೊಂದು ವಾಕ್ಯವನ್ನು ಈಗಲೇ ಹುಡುಕಿಕೊಳ್ಳಬೇಕು.

ಸೇನೆಗೆ ಹೋಗಬಯಸುವ ಮಕ್ಕಳು ಎಲ್ಲ ಮನೆಗಳಲ್ಲಿಯೂ ಇರಲಾರರು; ಹೋಗಬಯಸಿದವರೆಲ್ಲರೂ ಆಯ್ಕೆಯಾಗಲಾರರು. ಆದರೂ ‘ನಮ್ಮ ತಂದೆತಾಯಿಗಳು ನನ್ನನ್ನು ಏನೆಂದು ತಿಳಿದಿದ್ದಾರೆ’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಮಕ್ಕಳು ನಮ್ಮ ಮನೆಗಳಲ್ಲಿ ಇರಬಾರದು. ವಾಚಕರು ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳೊಡನೆ ಈ ಮಾತನ್ನು ತೆಗೆಯಬೇಕೆಂದು ಕೋರಿ ವಿರಮಿಸುತ್ತೇವೆ.