ಗದ್ದೆಯಲ್ಲಿ ಜೀಪು ಓಟ: ಜಮೀನು ಕೊಡುವ ಮುನ್ನ ತಿಳಿಯಬೇಕಾದ ಸಂಗತಿಗಳು



ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಹಳ್ಳಿಗಳಿಗೆ ಪಟ್ಟಣದಿಂದ ದೊಡ್ಡ ಚಕ್ರದ ಜೀಪುಗಳು ಬರುವುದನ್ನು ನೀವು ನೋಡಿರುತ್ತೀರಿ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಈ ವಾಹನಗಳನ್ನು ಕೆಸರು, ಹಳ್ಳ, ದಿಣ್ಣೆಗಳಲ್ಲಿ ಓಡಿಸುವುದೇ ಒಂದು ಆಟ. ಇದಕ್ಕೆ ಜಾಗ ಬೇಕು. ಆದ್ದರಿಂದ ಸಂಘಟಕರು ರೈತರ ಮನೆ ಬಾಗಿಲಿಗೆ ಬಂದು, "ಒಂದು ಭಾನುವಾರದ ಮಟ್ಟಿಗೆ ಗದ್ದೆ ಕೊಡಿ, ಬಾಡಿಗೆ ಕೊಡುತ್ತೇವೆ" ಎಂದು ಕೇಳುತ್ತಾರೆ.

ಬೆಳೆಯಿಲ್ಲದ ಗದ್ದೆಗೆ ಒಂದು ದಿನಕ್ಕೆ ಹಣ ಬರುವುದಾದರೆ ಯಾರಿಗೆ ಬೇಡ? ಕೊಡಲೇಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹಸು ಸಾಕುವವರಿಗೆ ಜಮೀನು ಎಂದರೆ ಬರೀ ನೆಲವಲ್ಲ, ಅದು ದನಗಳ ಊಟದ ತಟ್ಟೆ. ಒಂದು ದಿನದ ಬಾಡಿಗೆಗಾಗಿ ಒಂದು ವರ್ಷದ ಮೇವನ್ನೂ, ಕೊಟ್ಟಿಗೆಯ ಆರೋಗ್ಯವನ್ನೂ ಪಣಕ್ಕೆ ಇಡಬಾರದು. ಷರತ್ತು ಹಾಕುವವರು ನೀವಾಗಬೇಕು, ಬಂದವರಲ್ಲ.

ಯಾವ ಜಾಗ ಕೊಡಬಹುದು?

ಕರಾವಳಿಯ ಕಂಬಳವನ್ನು ನೆನಪಿಸಿಕೊಳ್ಳಿ. ಕೋಣಗಳನ್ನು ಊರಿನ ಎಲ್ಲ ಗದ್ದೆಗಳಲ್ಲಿ ಓಡಿಸುವುದಿಲ್ಲ. ಅದಕ್ಕೆಂದೇ ಸಿದ್ಧಪಡಿಸಿದ ಗದ್ದೆಯಲ್ಲಿ ಮಾತ್ರ ಓಟ ನಡೆಯುತ್ತದೆ. ಜೀಪಿನ ಓಟಕ್ಕೂ ಇದೇ ನಿಯಮ ಇರಲಿ. ಒಂದು ತಾಕು ಗೊತ್ತುಮಾಡಿ, ಹಗ್ಗ ಕಟ್ಟಿ, ಅದರಾಚೆ ಒಂದು ಚಕ್ರವೂ ದಾಟಕೂಡದೆಂದು ಹೇಳಿ.

ಹಸಿ ಮಣ್ಣಿನ ಮೇಲೆ ಭಾರದ ವಾಹನ ಹರಿದಾಗ ಮಣ್ಣಿನ ಕಣಗಳ ನಡುವೆ ಗಾಳಿ ಮತ್ತು ನೀರಿಗೆ ಇರುವ ಸಂದುಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಆ ಮಣ್ಣು ಇಟ್ಟಿಗೆಯಂತಾಗುತ್ತದೆ. ಬೇರು ಇಳಿಯುವುದಿಲ್ಲ, ಮಳೆ ನೀರು ಇಂಗುವುದಿಲ್ಲ. ಹುಲ್ಲುಗಾವಲಿಗೂ ನೇಪಿಯರ್ ಹುಲ್ಲಿನ ತಾಕಿಗೂ ಇದರಿಂದ ಹೆಚ್ಚಿನ ಹಾನಿ. ನೇಪಿಯರ್ ಬುಡ ಜಜ್ಜಿಹೋದರೆ ಮತ್ತೆ ಚಿಗುರುವ ಭರವಸೆಯಿಲ್ಲ. ಇಳಿಜಾರಿನಲ್ಲಿ ಚಕ್ರದ ಗುರುತುಗಳೇ ನೀರಿನ ಕಾಲುವೆಯಾಗಿ, ಮೇಲ್ಮಣ್ಣು ಹಳ್ಳಕ್ಕೆ ಸೇರುತ್ತದೆ.

"ಗದ್ದೆಯನ್ನು ಹೇಗೂ ಕೆಸರು ಮಾಡುತ್ತೇವಲ್ಲ?" ಎಂದು ನೀವು ಕೇಳಬಹುದು. ನಿಜ, ನಾಟಿಗೆ ಮುಂಚೆ ಕೆಸರು ಮಾಡುವ ತಗ್ಗಿನ ಗದ್ದೆಯೇ ಇದಕ್ಕೆ ತಕ್ಕ ಜಾಗ. ಆದರೆ ನಾವು ಕಲಕುವುದು ಮೇಲಿನ ಕೆಲವು ಅಂಗುಲ ಮಾತ್ರ. ಅದರ ಕೆಳಗಿನ ಗಟ್ಟಿ ಪದರವೇ ಗದ್ದೆಯಲ್ಲಿ ನೀರು ನಿಲ್ಲಿಸುವುದು. ಜೀಪು ಹೂತು, ಚಕ್ರ ಗಿರಗಿರನೆ ತಿರುಗಿ ಅಡಿಗಟ್ಟಲೆ ಕೊರೆದರೆ ಆ ಪದರ ಒಡೆಯುತ್ತದೆ, ಮುಂದೆ ನೀರು ನಿಲ್ಲುವುದಿಲ್ಲ. ಆದ್ದರಿಂದ ವಾಹನ ಹೂತರೆ ಚಕ್ರ ತಿರುಗಿಸುತ್ತಾ ಕೂರದೆ ಕೂಡಲೇ ಎಳೆದು ತೆಗೆಯಬೇಕೆಂಬ ಷರತ್ತು ಇರಲಿ. ಬದು, ತೂಬು, ಬಾವಿ, ಕೊಳವೆ ಬಾವಿ ಮತ್ತು ದನ ನೀರು ಕುಡಿಯುವ ಹಳ್ಳದಿಂದ ಓಟದ ದಾರಿ ದೂರವಿರಲಿ.

ಗೋಮಾಳ ಸರ್ಕಾರದ ಜಮೀನು. ಅದನ್ನು ಓಟಕ್ಕೆ ಕೊಡಲು ನಿಮಗಾಗಲೀ ಊರಿನವರಿಗಾಗಲೀ ಅಧಿಕಾರವಿಲ್ಲ. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು ಅಪರಾಧ.

ಚಕ್ರದ ಮಣ್ಣಿನಲ್ಲಿ ಬರುವ ರೋಗ

ಕಾಲುಬಾಯಿ ಜ್ವರದ ವೈರಾಣು ದನದಿಂದ ದನಕ್ಕೆ ಮಾತ್ರವಲ್ಲ, ಮಣ್ಣು ಮೆತ್ತಿದ ಚಕ್ರ, ಬೂಟು, ಬಟ್ಟೆಗಳ ಮೂಲಕವೂ ಹರಡುತ್ತದೆ. ತಂಪಾದ ಹಸಿ ಮಣ್ಣಿನಲ್ಲಿ ಅದು ಬಹಳ ದಿನ ಜೀವಂತವಾಗಿ ಇರಬಲ್ಲದು. ಕಳೆದ ವಾರ ಇನ್ನೊಂದು ಊರಿನ ಗದ್ದೆಯಲ್ಲಿ ಓಡಿದ ಜೀಪು ಈ ವಾರ ನಿಮ್ಮ ಗದ್ದೆಗೆ ಬರುತ್ತದೆ ಎಂಬುದನ್ನು ಮರೆಯಬೇಡಿ.

2001ರಲ್ಲಿ ಬ್ರಿಟನ್ನಿನಲ್ಲಿ ಈ ರೋಗ ಕಾಣಿಸಿಕೊಂಡಾಗ ಅಲ್ಲಿನ ಸರ್ಕಾರ ಹಳ್ಳಿಗಾಡಿನ ಕಾಲುದಾರಿಗಳನ್ನೇ ಮುಚ್ಚಿಸಿತು. ಆ ವರ್ಷ ಚೆಲ್ಟನ್‌ಹ್ಯಾಮ್‌ನ ಪ್ರಸಿದ್ಧ ಕುದುರೆ ಪಂದ್ಯವೂ ರದ್ದಾಯಿತು. ರೋಗ ತಡೆಯಲು 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ನಮ್ಮಲ್ಲಿ ಕೊಲ್ಲುವ ಪದ್ಧತಿಯಿಲ್ಲ, ಲಸಿಕೆಯೇ ರಕ್ಷಣೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಲಸಿಕೆ ಹಾಕಲಾಗುತ್ತದೆ. ನಿಮ್ಮ ಹಸುಗಳಿಗೆ ಈ ಸುತ್ತಿನ ಲಸಿಕೆ ಆಗಿಲ್ಲದಿದ್ದರೆ ಓಟಕ್ಕೆ ಒಪ್ಪಬೇಡಿ. ನಿಮ್ಮ ಊರಿನಲ್ಲಿ ಅಥವಾ ಅಕ್ಕಪಕ್ಕದ ಊರಿನಲ್ಲಿ ರೋಗವಿದ್ದರಂತೂ ಖಂಡಿತ ಬೇಡ.

ಬರುವ ವಾಹನಗಳು ಮಣ್ಣಿಲ್ಲದಂತೆ ತೊಳೆದುಕೊಂಡೇ ಬರಬೇಕು. ಗೇಟಿನಲ್ಲಿ ವಾಷಿಂಗ್ ಸೋಡಾ ದ್ರಾವಣವನ್ನು ಚಕ್ರಗಳಿಗೆ ಸಿಂಪಡಿಸಿ. 10 ಲೀಟರ್ ನೀರಿಗೆ 400 ಗ್ರಾಂ ಸೋಡಾ ಸಾಕು. ಮಣ್ಣು ಮೆತ್ತಿದ್ದರೆ ದ್ರಾವಣ ಒಳಗೆ ಇಳಿಯದು, ಆದ್ದರಿಂದ ಮೊದಲು ತೊಳೆಯುವುದು, ನಂತರ ಸಿಂಪಡಿಸುವುದು. ಬಂದವರು ಯಾರೂ ಕೊಟ್ಟಿಗೆಯೊಳಗೆ ಕಾಲಿಡಬಾರದು. ಓಟದ ಗದ್ದೆಯಲ್ಲಿ ಓಡಾಡಿದ ನೀವೂ ಕಾಲು ತೊಳೆದು, ಬಟ್ಟೆ ಬದಲಿಸಿಯೇ ಹಾಲು ಕರೆಯಲು ಕೂರಿ.

ಹಸುವಿನ ಹೊಟ್ಟೆಗೆ ಸೇರುವ ಕಸ

ಓಟ ಮುಗಿದ ಮೇಲೆ ಗದ್ದೆಯಲ್ಲಿ ತಂತಿ ಚೂರು, ನಟ್ಟು, ಮೊಳೆ, ಪ್ಲಾಸ್ಟಿಕ್ ಪಟ್ಟಿಗಳು ಉಳಿಯುತ್ತವೆ. ಹಸು ಮೇವನ್ನು ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಹುಲ್ಲಿನ ಜೊತೆ ನುಂಗಿದ ತಂತಿ ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಹುದು. ಹಳೆಯ ಬ್ಯಾಟರಿಯ ಸೀಸ ನೆಕ್ಕಿದರೆ ವಿಷವೇರುತ್ತದೆ. ರೇಡಿಯೇಟರಿಗೆ ಹಾಕುವ ಬಣ್ಣದ ಕೂಲೆಂಟ್ ಸಿಹಿಯಾಗಿರುವುದರಿಂದ ದನ, ನಾಯಿಗಳು ನೆಕ್ಕುತ್ತವೆ, ಮೂತ್ರಪಿಂಡ ಕೆಡುತ್ತದೆ. ಆಯಿಲ್ ಸೋರಿದ ಮಣ್ಣನ್ನು ಸಂಘಟಕರೇ ಅಗೆದು ಚೀಲದಲ್ಲಿ ತುಂಬಿ ಒಯ್ಯಬೇಕು. ಕಸವೆಲ್ಲ ಆಯ್ದು, ಹೊಸ ಹುಲ್ಲು ಚಿಗುರುವವರೆಗೆ ಅಲ್ಲಿಗೆ ದನ ಬಿಡಬೇಡಿ.

ಎಂಜಿನ್ ಮತ್ತು ಧ್ವನಿವರ್ಧಕದ ಸದ್ದಿಗೆ ಬೆದರಿದ ಹಸು ಸೊರ ಬಿಡುವುದಿಲ್ಲ. ಆದ್ದರಿಂದ ಓಟ ಬೆಳಿಗ್ಗೆ 9 ಗಂಟೆಯ ನಂತರ ಆರಂಭವಾಗಿ ಸಂಜೆ 4ರೊಳಗೆ ಮುಗಿಯಲಿ. ಸಂಘಕ್ಕೆ ಹಾಲು ಒಯ್ಯುವ ದಾರಿಗೆ ವಾಹನಗಳನ್ನು ಅಡ್ಡ ನಿಲ್ಲಿಸಬಾರದು. ನಿಮ್ಮ ಗದ್ದೆಯ ಓಟದಿಂದ ನೆರೆಯವರ ಹಾಲು ಕೆಡುವಂತಾಗಬಾರದು.

ಅಪಘಾತವಾದರೆ ಯಾರು ಹೊಣೆ?

"ಎಲ್ಲ ಗಾಡಿಗಳಿಗೂ ಇನ್ಶೂರೆನ್ಸ್ ಇದೆ" ಎಂಬ ಮಾತನ್ನು ನಂಬಿ ಸುಮ್ಮನಾಗಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಸಂಬಂಧಿಸಿದ್ದು. ಅಲ್ಲದೆ, ಸಂಘಟಿತ ಪಂದ್ಯಕ್ಕೆ ಅಥವಾ ವೇಗದ ಪರೀಕ್ಷೆಗೆ ವಾಹನ ಬಳಸಿದ್ದರೆ ತನಗೆ ಹೊಣೆಯಿಲ್ಲವೆಂದು ವಾದಿಸಲು ವಿಮಾ ಕಂಪನಿಗೆ ಅವಕಾಶವಿದೆ. ಪ್ರೇಕ್ಷಕರಿಗೆ ಪೆಟ್ಟಾದರೆ ಜಮೀನಿನ ಮಾಲೀಕರೆಂದು ನಿಮ್ಮ ಹೆಸರೂ ಬರುತ್ತದೆ. ಆದ್ದರಿಂದ ಸಂಘಟಕರು ಈ ಕಾರ್ಯಕ್ರಮಕ್ಕೆಂದೇ ಪ್ರತ್ಯೇಕ ವಿಮೆ ಮಾಡಿಸಿ, ಅದರಲ್ಲಿ ನಿಮ್ಮ ಹೆಸರನ್ನೂ ಸೇರಿಸಿ, ಪ್ರತಿಯನ್ನು ಮುಂಚಿತವಾಗಿ ಕೊಡಲಿ. ಪಂದ್ಯದ ರೂಪದಲ್ಲಿದ್ದರೆ ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಪರವಾನಗಿ ಇದೆಯೇ ಎಂದೂ ಕೇಳಿ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ನಡೆಸುವುದು ಶಿಕ್ಷಾರ್ಹ ಅಪರಾಧ.

ಹೂತ ಜೀಪನ್ನು ಎಳೆಯುವ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಬೀಸಿ ಬರುತ್ತದೆ, ಪ್ರಾಣಕ್ಕೇ ಅಪಾಯ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಜನ ನಿಲ್ಲಬೇಕು. ಊರಿನ ಮಕ್ಕಳು ಹತ್ತಿರ ಓಡಿಬರುವುದು ಸಹಜ, ಅವರನ್ನು ತಡೆಯಲು ಆಳು ನೇಮಿಸಲಿ.

ಪೊಲೀಸ್ ಠಾಣೆ ಮತ್ತು ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಬೇಕು. ಧ್ವನಿವರ್ಧಕಕ್ಕೆ ಅನುಮತಿ ಬೇಕು. ಖಾಯಂ ಓಟದ ದಾರಿ, ಶೆಡ್ಡು, ಟಿಕೆಟ್ ಎಂದು ವ್ಯವಹಾರ ಬೆಳೆಸುವುದಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಭೂ ಪರಿವರ್ತನೆಯ ಪ್ರಶ್ನೆ ಬರುತ್ತದೆ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಈ ಬಾಡಿಗೆ ಕೃಷಿ ಆದಾಯವೆನಿಸುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಬಾಡಿಗೆ ಎಷ್ಟು ಕೇಳಬೇಕು?

ಮೊದಲು ನಿಮ್ಮ ನಷ್ಟ ಲೆಕ್ಕ ಹಾಕಿ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿ ಮೇವು ಬೇಕು. ಮೂರು ಹಸುಗಳಿಗೆ 75 ಕಿಲೋ. ಮೇವಿನ ತಾಕು ಹಾಳಾಗಿ ಮೂರು ತಿಂಗಳು ಹುಲ್ಲು ಸಿಗದಿದ್ದರೆ 6,750 ಕಿಲೋ ಕೊಳ್ಳಬೇಕು. ಉದಾಹರಣೆಗೆ ಕಿಲೋಗೆ 3 ರೂಪಾಯಿ ಎಂದು ಇಟ್ಟುಕೊಂಡರೂ 20,250 ರೂಪಾಯಿ ಆಯಿತು. ನಿಮ್ಮ ಊರಿನ ದರ ಹಾಕಿ ನೋಡಿ. ಇದಕ್ಕೆ ಬದು ಕಟ್ಟುವ ಕೂಲಿ, ಉಳುಮೆಯ ಖರ್ಚು ಸೇರಿಸಿ. ಬಾಡಿಗೆ ಇದಕ್ಕಿಂತ ಕಡಿಮೆಯಿದ್ದರೆ "ಉಂಡೂ ಹೋದ, ಕೊಂಡೂ ಹೋದ" ಎಂಬ ಗಾದೆ ನಿಮಗೇ ಅನ್ವಯಿಸುತ್ತದೆ.

ಪತ್ರದಲ್ಲಿ ಇರಬೇಕಾದ ಅಂಶಗಳು

ಬಾಯಿ ಮಾತು ಬೇಡ. ಛಾಪಾ ಕಾಗದದ ಮೇಲೆ ಇವು ಇರಲಿ:

1. ಸಂಘಟಕರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ.
2. ಸರ್ವೆ ನಂಬರು, ಓಟದ ತಾಕಿನ ಗಡಿ, ದಿನ ಮತ್ತು ವೇಳೆ.
3. ವಾಹನಗಳ ಗರಿಷ್ಠ ಸಂಖ್ಯೆ.
4. ಮುಂಗಡವಾಗಿ ಪೂರ್ತಿ ಬಾಡಿಗೆ, ಅದಲ್ಲದೆ ಬೇರೆ ಠೇವಣಿ. ಗದ್ದೆ ಒಣಗಿ, ಉತ್ತು ನೋಡಿದ ಮೇಲಷ್ಟೇ ಠೇವಣಿ ವಾಪಸು.
5. ಚಕ್ರ ತೊಳೆಯುವುದು, ಕಸ ಮತ್ತು ಆಯಿಲ್ ಮಣ್ಣು ಸಾಗಿಸುವುದು, ಬದು ಸರಿಪಡಿಸುವುದು ಸಂಘಟಕರ ಹೊಣೆ.
6. ವಿಮೆ, ಪ್ರಥಮ ಚಿಕಿತ್ಸೆ, ಸ್ಥಳದಲ್ಲಿ ಆಂಬ್ಯುಲೆನ್ಸ್.
7. ಮದ್ಯಪಾನ ನಿಷೇಧ.
8. ಊರಿನಲ್ಲಿ ಜಾನುವಾರು ರೋಗ ಕಂಡರೆ ಕೊನೆಯ ದಿನವೂ ರದ್ದು ಮಾಡುವ ಹಕ್ಕು ನಿಮಗೆ.

ಪಹಣಿ ಜಂಟಿಯಾಗಿದ್ದರೆ ಅಣ್ಣತಮ್ಮಂದಿರೆಲ್ಲರ ಸಹಿ ಬೇಕು. ಓಟಕ್ಕೆ ಮುಂಚೆ ಗದ್ದೆ, ಬದು, ದಾರಿಯ ಫೋಟೋ ತೆಗೆದಿಡಿ, ಮುಗಿದ ಮೇಲೆ ಮತ್ತೆ ತೆಗೆಯಿರಿ.

ಓಟದ ನಂತರ ಹಸಿಯಲ್ಲೇ ನೇಗಿಲು ಹೂಡಬೇಡಿ. ನಾಲ್ಕು ಅಂಗುಲ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಿ. ಎಳೆಯಂತೆ ಬಂದರೆ ಇನ್ನೂ ಹಸಿ ಇದೆ, ಪುಡಿಯಾದರೆ ಉಳಬಹುದು. ಉತ್ತ ಮೇಲೆ ಸೆಣಬು ಅಥವಾ ಡಯಾಂಚ ಬಿತ್ತಿ, ಹೂ ಬರುವಾಗ ಮಣ್ಣಿಗೆ ಸೇರಿಸಿದರೆ ಮಣ್ಣು ಬೇಗ ಚೇತರಿಸಿಕೊಳ್ಳುತ್ತದೆ.

ಯಾರಾದರೂ ನಿಮ್ಮ ಗದ್ದೆ ಕೇಳಲು ಬಂದರೆ ಅಂದೇ ಒಪ್ಪಬೇಡಿ, ಒಂದು ವಾರ ಸಮಯ ಕೇಳಿ. ಪತ್ರವನ್ನು ಸಂಘದ ಕಾರ್ಯದರ್ಶಿಗಳಿಗೆ ತೋರಿಸಿ, ಪಶುವೈದ್ಯರಲ್ಲಿ ಲಸಿಕೆಯ ವಿಷಯ ವಿಚಾರಿಸಿ, ನೆರೆಯವರೊಂದಿಗೆ ಮಾತನಾಡಿ, ಆಮೇಲೆ ಸಹಿ ಹಾಕಿ. ಷರತ್ತಿಗೆ ಒಪ್ಪದವರು ಬೇರೆ ಕಡೆ ಹೋಗಲಿ. ನಿಮ್ಮ ಹಸುಗಳಿಗೆ ಹೋಗಲು ಬೇರೆ ಗದ್ದೆಯಿಲ್ಲ.