ಇವತ್ತು ಶಾಲೇಲಿ ಏನಾಯ್ತು?

ಸಂಜೆ ನಾಲ್ಕೂವರೆ, ಐದು ಗಂಟೆಯ ಹೊತ್ತಿಗೆ ನಮ್ಮ ನಾಡಿನ ಮನೆಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಸಂಭಾಷಣೆ ನಡೆಯುತ್ತದೆ. ಮಗು ಶಾಲೆಯಿಂದ ಬಂದು ಚೀಲವನ್ನು ಮೂಲೆಗೆ ಎಸೆಯುತ್ತದೆ. ಅಡುಗೆಮನೆಯಿಂದಲೇ ತಾಯಿ ಕೇಳುತ್ತಾರೆ: “ಇವತ್ತು ಏನು ಹೇಳಿಕೊಟ್ರೋ?”

“ಏನಿಲ್ಲ.”

“ಹೋಂವರ್ಕು?”

“ಇದೆ.”

ಅಲ್ಲಿಗೆ ಮಾತು ಮುಗಿಯಿತು. ಮಗು ಬೀದಿಗೆ ಓಡಿತು, ತಾಯಿ ಒಲೆಯ ಕಡೆ ತಿರುಗಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲಿ ನಡೆದದ್ದೆಲ್ಲ ಆ ಒಂದು ‘ಏನಿಲ್ಲ’ದೊಳಗೆ ಅಡಗಿಹೋಯಿತು. ಆಮೇಲೆ ಮನೆಗೆ ಶಾಲೆಯಿಂದ ಬರುವ ಸುದ್ದಿ ಯಾವುದು? ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಬರುವ ಅಂಕಪಟ್ಟಿ. ಇಲ್ಲವೇ ದೂರು. “ನಿಮ್ಮ ಹುಡುಗ ಗಲಾಟೆ ಮಾಡ್ತಾನೆ, ಬಂದು ಕಾಣಿ” ಎಂಬ ಚೀಟಿ.

ನಾನೂ ಬಹಳ ವರ್ಷ ಇಷ್ಟನ್ನೇ ಮಾಡಿದವನು. ಇದು ಸಾಲದು ಎಂದು ನನಗೆ ಹೇಳಿಕೊಟ್ಟವರು ಒಬ್ಬ ಗಾರೆ ಕೆಲಸದವರು.

ಪೈಪಿನ ಪಾಠ

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬರೆಯುವುದೆಂದರೆ ಅವನಿಗೆ ಆಗದು. ಒಂದು ದಿನ ನೀರು ಯಾವಾಗಲೂ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಪಾಠ ಮಾಡುತ್ತಿದ್ದೆ. ಅವನು ಎದ್ದು ನಿಂತು, “ಸಾರ್, ನಮ್ಮಪ್ಪ ಪೈಪಿನಾಗೆ ಮಟ್ಟ ನೋಡ್ತಾರೆ” ಎಂದ. ಮರುದಿನ ಮನೆಯಿಂದ ಉದ್ದನೆಯ ಪಾರದರ್ಶಕ ಪೈಪು ತಂದ. ನೀರು ತುಂಬಿ, ಒಂದು ತುದಿಯನ್ನು ಕೋಣೆಯ ಈ ಗೋಡೆಗೆ, ಇನ್ನೊಂದು ತುದಿಯನ್ನು ಆ ಗೋಡೆಗೆ ಹಿಡಿಸಿ, ಎರಡೂ ಕಡೆ ನೀರು ನಿಂತಲ್ಲಿ ಸೀಮೆಸುಣ್ಣದ ಗುರುತು ಹಾಕಿಸಿದ. ಕಿಟಕಿಯ ಕೆಳಗಿನ ಪಟ್ಟಿ ಒಂದು ಬೆರಳಿನಷ್ಟು ಓರೆಯಾಗಿದೆ ಎಂದು ಕಂಡುಹಿಡಿದ! “ಒಳಗೆ ಗಾಳಿ ಗುಳ್ಳೆ ಇರಬಾರದು ಸಾರ್, ಇದ್ರೆ ಮಟ್ಟ ಸುಳ್ಳು ಹೇಳುತ್ತೆ” ಎಂದೂ ಎಚ್ಚರಿಸಿದ. ಇಡೀ ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆ ದಿನದ ಸುದ್ದಿ ಅವನ ಮನೆಗೆ ತಲುಪಲಿಲ್ಲ. ಹುಡುಗ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಲುಪಿದ್ದು ದಸರಾ ರಜೆಗೆ ಮುಂಚೆ ನಾನೇ ಸಹಿ ಮಾಡಿ ಕೊಟ್ಟ ಪ್ರಗತಿ ಪತ್ರ. ವಿಜ್ಞಾನದ ಮುಂದೆ ‘ಸಿ’ ಎಂದಿತ್ತು. ದ್ರವಗಳ ಗುಣಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಅವನು ಖಾಲಿ ಬಿಟ್ಟಿದ್ದ.

ರಜೆ ಮುಗಿದು ಹತ್ತು ದಿನವಾದರೂ ಹುಡುಗ ಬರಲಿಲ್ಲ. ವಿಚಾರಿಸಿಕೊಂಡು ಹೋದರೆ ತಂದೆಯ ಜೊತೆ ಕಟ್ಟಡದ ಕೆಲಸದಲ್ಲಿ ಮರಳು ಜರಡಿ ಹಿಡಿಯುತ್ತಿದ್ದ. “ಯಾಕಪ್ಪಾ ಕಳಿಸ್ಲಿಲ್ಲ?” ಎಂದೆ. ಅವರು ಸಿಟ್ಟು ಮಾಡಲಿಲ್ಲ. “ಇವನ ತಲೆಗೆ ಓದು ಹತ್ತಲ್ಲ ಅಂತ ನೀವೇ ಬರೆದು ಕಳಿಸಿದ್ರಲ್ಲ ಸಾರ್” ಎಂದರು. ನಾನು ಪೈಪಿನ ದಿನದ ಕಥೆ ಹೇಳಿದೆ. ಕರಣೆ ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ, “ಇದನ್ನ ಆವತ್ತೇ ಹೇಳಿ ಕಳಿಸಿದ್ರೆ ಆಗ್ತಿತ್ತಲ್ಲ ಸಾರ್” ಎಂದರು.

ಮುಂದಿನ ಸೋಮವಾರ ಹುಡುಗ ಶಾಲೆಗೆ ಬಂದ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಕೊಟ್ಟ ‘ಸಿ’ ಸುಳ್ಳಾಗಿರಲಿಲ್ಲ. ಅವನು ಬರೆದಿರಲಿಲ್ಲ, ನಿಜ. ಆದರೆ ಅದು ಅರ್ಧ ಸತ್ಯ. ಆ ಅರ್ಧ ಸತ್ಯವನ್ನು ನಂಬಿ ಒಂದು ಮನೆ ಮಗನ ಓದನ್ನೇ ನಿಲ್ಲಿಸಲು ಹೊರಟಿತ್ತು.

ಶನಿವಾರದ ಸುದ್ದಿ

ಆ ವರ್ಷದಿಂದ ಒಂದು ಪದ್ಧತಿ ಹಾಕಿಕೊಂಡೆ. ಶನಿವಾರ ಬೆಳಗಿನ ಶಾಲೆ. ಕೊನೆಯ ಅರ್ಧ ಗಂಟೆಯಲ್ಲಿ ಆ ವಾರ ಏನು ಕಲಿತೆವು ಎಂದು ಮಕ್ಕಳೇ ಹೇಳಬೇಕು, ನಾನು ಹಲಗೆಯ ಮೇಲೆ ಬರೆಯುವುದು. ಏಳೆಂಟು ವಾಕ್ಯ ಸಾಕು. ಮಕ್ಕಳು ಅದನ್ನು ಒಂದು ನೋಟುಪುಸ್ತಕಕ್ಕೆ ಬರೆದುಕೊಂಡು, ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಓದು ಬಾರದ ಅಪ್ಪ ಅಮ್ಮನಿಗೂ ಸುದ್ದಿ ತಲುಪಿತು, ಮಗುವಿಗೆ ಓದಿನ ಅಭ್ಯಾಸವೂ ಆಯಿತು. ಖರ್ಚು ಒಂದು ನೋಟುಪುಸ್ತಕದ್ದು ಮಾತ್ರ.

ಒಂದು ವಾರದ ಸುದ್ದಿ ಹೀಗಿತ್ತು: “ಹೆಸರುಕಾಳು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಇನ್ನೊಂದು ಹಿಡಿ ಕಾಳನ್ನು ಒಣ ಬಟ್ಟೆಯಲ್ಲಿ ಕಟ್ಟಿದೆವು. ಮತ್ತೊಂದನ್ನು ಲೋಟದ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟೆವು. ಒದ್ದೆ ಬಟ್ಟೆಯದು ಮೊಳೆಯಿತು, ಮೊದಲು ಹೊರಗೆ ಬಂದದ್ದು ಬೇರು. ಒಣ ಬಟ್ಟೆಯದು ಹಾಗೇ ಇದೆ. ನೀರಿನಲ್ಲಿ ಇಟ್ಟದ್ದು ವಾಸನೆ ಬಂತು. ಅದು ಯಾಕೆ ಎಂದು ಮುಂದಿನ ವಾರ ನೋಡುತ್ತೇವೆ. ಮನೆಯಲ್ಲಿ ಮೊಳಕೆ ಕಟ್ಟುವಾಗ ನಮ್ಮನ್ನು ಕರೆಯಿರಿ.”

ಸೋಮವಾರ ಒಬ್ಬ ಹುಡುಗಿ ಬಂದವಳೇ, “ಸಾರ್, ನಮ್ಮಮ್ಮ ಹೇಳಿದ್ರು, ಕಾಳಿಗೆ ಉಸಿರು ಕಟ್ಟುತ್ತಂತೆ. ಅದಕ್ಕೇ ನೀರು ಬಸಿದು ಕಟ್ಟೋದಂತೆ” ಎಂದಳು. ಮೊಳಕೆಗೆ ನೀರಿನಷ್ಟೇ ಗಾಳಿಯೂ ಬೇಕು ಎಂಬ ಪಾಠವನ್ನು ಆ ವಾರ ನಾನು ಮಾಡಲೇ ಇಲ್ಲ. ಆ ತಾಯಿ ಮಾಡಿದ್ದರು. ಮನೆಗೆ ಸುದ್ದಿ ಹೋದರೆ ಮನೆಯಿಂದಲೂ ಸುದ್ದಿ ಬರುತ್ತದೆ ಎಂದು ಅಂದು ತಿಳಿಯಿತು.

ಮೂರು ನಿಯಮ ಇಟ್ಟುಕೊಂಡಿದ್ದೆ. ಸುದ್ದಿಯಲ್ಲಿ ಯಾರ ತಪ್ಪನ್ನೂ ಬರೆಯುವಂತಿಲ್ಲ. ಯಾರನ್ನೂ ಯಾರೊಂದಿಗೂ ಹೋಲಿಸುವಂತಿಲ್ಲ. ಪ್ರತಿ ಮಗುವಿನ ಹೆಸರೂ ತಿಂಗಳಿಗೊಮ್ಮೆಯಾದರೂ ಬರಬೇಕು. ಮೂರನೆಯದು ಸುಲಭ ಎಂದುಕೊಂಡಿದ್ದೆ. ಮೊದಲ ತಿಂಗಳ ಕೊನೆಗೆ ಬರೆಯಲು ಕುಳಿತರೆ, ಮೂವರು ಮಕ್ಕಳ ಬಗ್ಗೆ ನನಗೆ ಬರೆಯಲು ಏನೂ ಗೊತ್ತಿರಲಿಲ್ಲ. ಮೂವರೂ ಹಿಂದಿನ ಸಾಲಿನ, ಸದ್ದಿಲ್ಲದ ಹೆಣ್ಣುಮಕ್ಕಳು. ಗಲಾಟೆ ಇಲ್ಲ, ದೂರು ಇಲ್ಲ. ಹಾಗಾಗಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಮುಂದಿನ ವಾರದಿಂದ ಅವರ ಪಕ್ಕ ಹೋಗಿ ನಿಲ್ಲತೊಡಗಿದೆ.

ಅ ಆ ಇ ಈ ಎಲ್ಲಿ ಹೋಯಿತು?

ಶಾಲೆಯ ಸುದ್ದಿ ಮನೆಗೆ ಸರಿಯಾಗಿ ಮುಟ್ಟದಿದ್ದರೆ ಒಳ್ಳೆಯ ಕೆಲಸವೂ ಕೆಟ್ಟದ್ದಾಗಿ ಕಾಣುತ್ತದೆ. ಇದಕ್ಕೆ ನಲಿ–ಕಲಿಗಿಂತ ಬೇರೆ ಉದಾಹರಣೆ ಬೇಡ.

ಒಮ್ಮೆ ಒಬ್ಬ ಅಜ್ಜಿ ಒಂದನೇ ತರಗತಿಯ ಮೊಮ್ಮಗನನ್ನು ಕೈಹಿಡಿದು ಎಳೆದುಕೊಂಡೇ ಬಂದರು. “ಮೇಷ್ಟ್ರೇ, ಮೂರು ತಿಂಗಳಾಯ್ತು. ಇವನಿಗೆ ಅ ಆ ಇ ಈ ನೆಟ್ಟಗೆ ಹೇಳಕ್ಕೆ ಬರಲ್ಲ. ಬರೀ ಹಾಡು, ಆಟ. ಬೇರೆ ಸ್ಕೂಲಿಗೆ ಹಾಕ್ತೀವಿ” ಎಂದರು. ನಲಿ–ಕಲಿ ಮೇಡಂ ನಗುತ್ತಲೇ ಐದು ಅಕ್ಷರ ಬರೆದರು: ರ, ಗ, ಸ, ದ, ಅ. ಆಮೇಲೆ ಅವೇ ಅಕ್ಷರಗಳಿಂದ ಪದ ಬರೆದು ಓದು ಎಂದರು. ಹುಡುಗ ಬೆರಳಿಟ್ಟು ಓದಿದ: ಸರ, ದರ, ಅರಸ, ಅಗಸ, ಗರಗಸ. ಅಜ್ಜಿ ಕಣ್ಣರಳಿಸಿ, “ಗರಗಸ ಅಂತ ಓದ್ಬಿಟ್ನಲ್ಲ!” ಎಂದರು.

ನಲಿ–ಕಲಿಯ ಕ್ರಮವೇ ಅದು. ಐವತ್ತು ಅಕ್ಷರ ಬಾಯಿಪಾಠವಾದ ಮೇಲೆ ಪದ ಎಂದು ಕಾಯುವುದಿಲ್ಲ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಅಕ್ಷರಗಳ ಗುಂಪನ್ನು ಮೊದಲು ಕಲಿಸಿ, ಕಲಿತಷ್ಟರಿಂದಲೇ ಮಗು ಓದುವಂತೆ ಮಾಡುತ್ತಾರೆ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಇದನ್ನು ರೂಪಿಸಿದರು. ಮುಂದೆ ಇದು ರಾಜ್ಯಕ್ಕೆಲ್ಲ ಹಬ್ಬಿತು. ಪಾಠಕ್ಕೆ ಬದಲು ಕಾರ್ಡುಗಳು, ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಯಾವ ಮೆಟ್ಟಿಲಲ್ಲಿದೆ ಎಂಬುದು ಅಲ್ಲೇ ತರಗತಿಯ ಪ್ರಗತಿ ನೋಟದಲ್ಲಿ ಇರುತ್ತದೆ. ಆದರೆ ಆ ಗೋಡೆಯನ್ನು ಪಾಲಕರಿಗೆ ತೋರಿಸಿ ವಿವರಿಸುವವರು ಎಷ್ಟು ಜನ? ವಿವರಿಸದೇ ಇದ್ದುದರಿಂದಲೇ ಎಷ್ಟೋ ಮನೆಗಳಲ್ಲಿ ಅದು ‘ಬರೀ ಆಟ’ವಾಗಿ ಉಳಿಯಿತು.

ಇದು ಉಪಕಾರವಲ್ಲ, ಹಕ್ಕು

ಮಗುವಿನ ಕಲಿಕೆಯ ಸುದ್ದಿ ಕೇಳುವುದು ಪಾಲಕರ ಹಕ್ಕು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಸಮಯಕ್ಕೆ ಬರುವುದು, ಪಾಠ ಮುಗಿಸುವುದು ಇವುಗಳ ಜೊತೆಗೇ, ಪಾಲಕರೊಡನೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸಬೇಕು ಎಂದೂ ಅಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೀ ಅಂಕದ ಪಟ್ಟಿಗೆ ಬದಲಾಗಿ ಸಮಗ್ರ ಪ್ರಗತಿ ಪತ್ರ ಬೇಕೆಂದಿದೆ. ಮಗು ತನ್ನ ಬಗ್ಗೆ ತಾನೇ ಹೇಳುವುದಕ್ಕೂ, ಗೆಳೆಯರು ಹೇಳುವುದಕ್ಕೂ ಅದರಲ್ಲಿ ಜಾಗವಿರಬೇಕು ಎಂದಿದೆ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ ಸಭೆಯಲ್ಲಿ ನಡೆಯುವುದೇನು? ಸ್ವಾಗತ, ಭಾಷಣ, ಸುಣ್ಣಬಣ್ಣದ ಲೆಕ್ಕ, ವಂದನೆ. ಮಗುವಿನ ವಿಷಯಕ್ಕೆ ಬಂದಾಗ ಎಲ್ಲರೆದುರು “ಇವನು ಓದಲ್ಲ” ಎಂದು ಒಂದು ಮಾತು. ಅಂಥ ಸಭೆಗೆ ಒಂದು ದಿನದ ಕೂಲಿ ಬಿಟ್ಟು ಮತ್ತೊಮ್ಮೆ ಬನ್ನಿ ಎಂದರೆ ಯಾರು ಬರುತ್ತಾರೆ? ಶಿಕ್ಷಕ ಮಿತ್ರರೂ ಇದನ್ನು ಯೋಚಿಸಬೇಕು.

ಈಗ ಎಲ್ಲ ತರಗತಿಗೂ ವಾಟ್ಸ್‌ಆ್ಯಪ್ ಗುಂಪು ಬಂದಿದೆ. ಒಳ್ಳೆಯದೇ. ಆದರೆ ಅದರಲ್ಲಿ ಬರುವುದು ಹೂವಿನ ಚಿತ್ರದ ಶುಭೋದಯ, ಹೋಂವರ್ಕಿನ ಫೋಟೊ, ಫೀಸು ಕಟ್ಟುವ ಕೊನೆಯ ದಿನ. ಕೆಲವು ಕಡೆ ಇಡೀ ತರಗತಿಯ ಅಂಕಗಳನ್ನೇ ಗುಂಪಿಗೆ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. ನಲವತ್ತು ಮನೆಗಳೆದುರು ಸಣ್ಣವನಾದ ಮಗು ಮರುದಿನ ಪ್ರಶ್ನೆ ಕೇಳುವುದಿಲ್ಲ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ‘ವಿದ್ಯಾಗಮ’ಕ್ಕಾಗಿ ನಾವು ಊರ ಕಟ್ಟೆ, ಗುಡಿಯ ಜಗಲಿಗಳಿಗೆ ಹೋಗಿ ಪಾಠ ಮಾಡಿದೆವು. ನೀರಿಗೆ ಹೊರಟ ತಾಯಂದಿರು ಕೊಡ ಇಳಿಸಿ ನಿಂತು ನೋಡುತ್ತಿದ್ದರು. ತಮ್ಮ ಮಗು ಕೈಯೆತ್ತಿ ಉತ್ತರ ಹೇಳುವುದನ್ನು ಅವರಲ್ಲಿ ಹಲವರು ಮೊದಲ ಸಲ ಕಂಡದ್ದು ಆಗಲೇ. ಆ ಕಷ್ಟಕಾಲದ ಒಂದು ಒಳ್ಳೆಯ ನೆನಪು ಇದು.

ಮನೆಯಲ್ಲಿ ಏನು ಕೇಳಬೇಕು?

ಪಾಲಕರೇ, ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಸುದ್ದಿ ಬರೆದು ಕಳಿಸದೇ ಇರಬಹುದು. ಚಿಂತೆಯಿಲ್ಲ, ಪ್ರಶ್ನೆ ಬದಲಿಸಿ ನೋಡಿ. “ಏನು ಹೇಳಿಕೊಟ್ರು?” ಎಂದರೆ ಮಗುವಿಗೆ ಅದು ಪರೀಕ್ಷೆಯಂತೆ ಕೇಳಿಸುತ್ತದೆ. “ಇವತ್ತು ಯಾವುದಕ್ಕೆ ನಗು ಬಂತು?”, “ಯಾವುದು ಅರ್ಥ ಆಗ್ಲಿಲ್ಲ?”, “ಮಿಸ್ಸಿಗೆ ನೀನೇನು ಕೇಳ್ದೆ?” ಎಂದು ಕೇಳಿ. ಹೇಳು ಎನ್ನುವ ಬದಲು ತೋರಿಸು ಎನ್ನಿ. ತಕ್ಕಡಿಯ ಪಾಠವಾದರೆ ಅಂಗಡಿಯಲ್ಲಿ, ಭಿನ್ನರಾಶಿಯಾದರೆ ರೊಟ್ಟಿ ಮುರಿಯುವಾಗ.

ಮಗು ಬಂದ ಕೂಡಲೇ ಕೇಳಬೇಡಿ. ಹಸಿದಿರುತ್ತದೆ, ದಣಿದಿರುತ್ತದೆ. ತಿಂಡಿ ತಿಂದು, ಆಡಿ ಬಂದು, ರಾತ್ರಿ ಊಟಕ್ಕೆ ಕೂತಾಗ ಮಾತು ತಾನಾಗಿ ಬರುತ್ತದೆ. ಲೆಕ್ಕದ ವಿಧಾನ ನಿಮ್ಮ ಕಾಲದ್ದಕ್ಕಿಂತ ಬೇರೆಯಾಗಿ ಕಂಡರೆ ತಪ್ಪೆಂದು ಬಿಡಬೇಡಿ. “ಇದನ್ನ ನಂಗೂ ಕಲಿಸು” ಎನ್ನಿ. ಇನ್ನೊಬ್ಬರಿಗೆ ಹೇಳಿಕೊಟ್ಟಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ಪಾಠ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಶಾಲೆಗೆ ಹೋದಾಗ “ನಮ್ಮವನು ಹೇಗಿದ್ದಾನೆ?” ಎಂದಷ್ಟೇ ಕೇಳಿದರೆ “ಪರವಾಗಿಲ್ಲ” ಎಂಬ ಉತ್ತರ ಸಿಗುತ್ತದೆ. ಮೂರು ಪ್ರಶ್ನೆ ಇಟ್ಟುಕೊಂಡು ಹೋಗಿ: ಈಗ ಯಾವುದು ಚೆನ್ನಾಗಿ ಬರುತ್ತದೆ? ಯಾವುದರಲ್ಲಿ ತಡವರಿಸುತ್ತಾನೆ? ಮನೆಯಲ್ಲಿ ನಾವೇನು ಮಾಡಬಹುದು? ಮೂರಕ್ಕೂ ಉತ್ತರ ಕೊಡಬೇಕಾದ ಶಿಕ್ಷಕ ಮರುದಿನದಿಂದ ನಿಮ್ಮ ಮಗುವನ್ನು ಇನ್ನಷ್ಟು ಗಮನಿಸಿಯೇ ಗಮನಿಸುತ್ತಾನೆ. ಇದು ಅನುಭವದ ಮಾತು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ‘ಏನಿಲ್ಲ’ ಎನ್ನುವ ಮುಂಚೆ ಒಂದು ಕ್ಷಣ ಯೋಚಿಸಿ. ಅಪ್ಪ ಅಮ್ಮನಿಗೆ ನಿಮ್ಮ ಅಂಕ ಮಾತ್ರ ಗೊತ್ತು; ನೀವು ಗೊತ್ತಾಗಬೇಕಾದರೆ ನೀವೇ ಹೇಳಬೇಕು.

ಪೈಪಿನ ಹುಡುಗ ಹತ್ತನೇ ತರಗತಿ ಮುಗಿಸಿ ಐಟಿಐ ಸೇರಿದ. ಅವನ ತಂದೆ ಆಮೇಲಿನ ಯಾವ ಸಭೆಯನ್ನೂ ತಪ್ಪಿಸಲಿಲ್ಲ. ಒಮ್ಮೆ ಬೇಗ ಬಂದವರು ನಾನು ಹಾಜರಿ ಬರೆಯುವಷ್ಟರಲ್ಲಿ ಓರೆಯಾಗಿದ್ದ ಆ ಕಿಟಕಿಯ ಪಟ್ಟಿಯನ್ನು ಒಡೆದು ಸರಿಯಾಗಿ ಕೂರಿಸಿದ್ದರು. “ನಮ್ಮ ಹುಡುಗ ತಪ್ಪು ಹಿಡಿದದ್ದು ಇದೇ ತಾನೆ ಸಾರ್?” ಎಂದು ಕೇಳಿದರು.

ಸಂಜೆ ಮಗು ಬಂದಾಗ ಅಂಕದ ಮಾತು ಬೇಡ. ಊಟಕ್ಕೆ ಕೂತಾಗ ಕೇಳಿ ನೋಡಿ: “ಇವತ್ತು ಶಾಲೇಲಿ ಏನಾಯ್ತು ಮರಿ?” ಉತ್ತರ ಬರುವವರೆಗೆ ಟಿ.ವಿ., ಮೊಬೈಲು ಎರಡೂ ಸುಮ್ಮನಿರಲಿ.